ಹಿತ್ತಲ ಗುಂಡಿಗೆ ಒಂದು ಚೊಂಬು ನೀರು

ನಮ್ಮ ಅತ್ತೆಗೆ ದೇವರು ದಿನಾ ಬೆಳಿಗ್ಗೆ ಆರೂವರೆಗೆ ಉತ್ತರ ಕೊಡುತ್ತಿದ್ದ. ನಾನು ಸುಳ್ಳು ಹೇಳುತ್ತಿಲ್ಲ, ತಮಾಷೆಯನ್ನೂ ಮಾಡುತ್ತಿಲ್ಲ. ಚನ್ನಗಿರಿಯ ಆ ಮನೆಗೆ ಸೊಸೆಯಾಗಿ ಬಂದ ಮೂರನೇ ದಿನವೇ ಅದನ್ನು ಕಣ್ಣಾರೆ ಕಂಡೆ. ನಾಲ್ಕನೇ ದಿನ ಕೈಯಾರೆ ಮುಟ್ಟಿದೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಹಳೇ ಊರು ದಾಟಿ ಆಚೆಗೆ ಬೆಳೆದ ಬಡಾವಣೆಯಲ್ಲಿ ಮೊದಲು ಎದ್ದ ನಾಲ್ಕೈದು ಮನೆಗಳಲ್ಲಿ ನಮ್ಮದೂ ಒಂದು. ಮಾವ ಅಡಿಕೆ ವ್ಯಾಪಾರಸ್ಥರು. ಈ ಸಾಲಿನಲ್ಲಿ ಮೊದಲು ಕರೆಂಟು ಬಂದದ್ದು ನಮ್ಮ ಮನೆಗೇ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಹೇಳದೆ ಬಿಡುತ್ತಿದ್ದದ್ದು ಏನೆಂದರೆ, ಆವತ್ತು ಎಳೆದ ವೈರೇ ಆಗಲೂ ಇದ್ದದ್ದು. ಗೋಡೆಯುದ್ದಕ್ಕೂ ಮರದ ಪಟ್ಟಿ, ಅದರೊಳಗೆ ನೂಲು ಸುತ್ತಿದ ರಬ್ಬರ್ ವೈರು, ಒತ್ತಿದರೆ ಟಕ್ಕೆಂದು ಬೈಯುವ ಕಪ್ಪು ಸ್ವಿಚ್ಚುಗಳು. ವರ್ಷಕ್ಕೊಮ್ಮೆ ಸುಣ್ಣ ಹೊಡೆಯುವವರು ಗೋಡೆಯ ಜೊತೆ ಪಟ್ಟಿಗೂ ಸುಣ್ಣ ಹೊಡೆದು ಹೋಗುತ್ತಿದ್ದರು.

ನಾನು ಜಗಳೂರು ಕಡೆಯವಳು. ಅಪ್ಪನ ಮನೆಯಲ್ಲಿ ಇದ್ದದ್ದು ಒಂದೇ ಬಲ್ಬು, ಅದೂ ನಾನು ಹೈಸ್ಕೂಲು ಸೇರಿದ ಮೇಲೆ ಬಂದದ್ದು. ಸಂಜೆ ಸ್ವಿಚ್ಚು ಹಾಕಿದ ಕೂಡಲೇ ನಾವೆಲ್ಲ ಎದ್ದು ನಿಂತು ಬಲ್ಬಿಗೆ ಕೈ ಮುಗಿಯುತ್ತಿದ್ದೆವು. ಸಂಜೆಯ ದೀಪ ಯಾವುದಾದರೇನು, ದೀಪವೇ. ಹಾಗೆ ಬೆಳೆದವಳಿಗೆ ಕರೆಂಟು ಅಂದರೆ ಒಂದು ಭಯಭಕ್ತಿ ಇದ್ದೇ ಇತ್ತು. ಪಿಯುಸಿಯಲ್ಲಿ ಸೈನ್ಸ್ ಓದಿದ ಮೇಲೂ ಅದು ಹೋಗಲಿಲ್ಲ.

ದೇವರ ಕೋಣೆಯಲ್ಲಿ ಒಂದು ಹಿತ್ತಾಳೆಯ ತೂಗುದೀಪವಿತ್ತು. ಮೇಲಿನ ತೊಲೆಗೆ ಕಬ್ಬಿಣದ ಕೊಂಡಿ, ಕೊಂಡಿಯಿಂದ ಇಳಿಬಿದ್ದ ಹಿತ್ತಾಳೆ ಸರಪಳಿ, ಸರಪಳಿಯ ತುದಿಗೆ ದೀಪ. ಹಳೇ ದೀಪ ಸೋರುತ್ತಿತ್ತೆಂದು ನಾನು ಬರುವುದಕ್ಕೆ ಎರಡು ವರ್ಷ ಮೊದಲು ಮಾವ ಇದನ್ನು ತಂದರಂತೆ. ಭಾರದ ದೀಪವಾದ್ದರಿಂದ ಬಡಗಿಯನ್ನು ಕರೆಸಿ ದೊಡ್ಡ ಕೊಂಡಿಯನ್ನೇ ಹೊಡೆಸಿದ್ದರು. ಆ ವರ್ಷದ ಮಳೆಗಾಲದಲ್ಲಿ ಅತ್ತೆಗೆ ಮೊದಲ ಸಲ ಅದು ಆಯಿತು.

ಅತ್ತೆ ಬೆಳಿಗ್ಗೆ ಎದ್ದು ದೇವರ ಕೋಣೆಯ ನೆಲ ತೊಳೆಯುತ್ತಿದ್ದರು. ಆಮೇಲೆ ಸ್ನಾನ. ಒದ್ದೆ ಕೂದಲಿಗೆ ಬಟ್ಟೆ ಸುತ್ತಿಕೊಂಡು ಬಂದು, ಇನ್ನೂ ಆರದ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಎಡಗೈಯಲ್ಲಿ ಸರಪಳಿ ಹಿಡಿದು ದೀಪಕ್ಕೆ ಎಣ್ಣೆ ಹಾಕುತ್ತಿದ್ದರು. ಹಿಡಿದ ಗಳಿಗೆಯಲ್ಲಿ ಮೊಣಕೈವರೆಗೆ ಜುಂ ಎನ್ನುತ್ತಿತ್ತು. ಅತ್ತೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅವರ ಮುಖದಲ್ಲಿ ಆಗ ಕಾಣುತ್ತಿದ್ದ ಬೆಳಕನ್ನು ನಾನು ಬೇರೆ ಯಾವ ಹೊತ್ತಿನಲ್ಲೂ ಕಂಡಿಲ್ಲ. ಇಡೀ ದಿನ ಒಲೆ, ಹೊಗೆ, ಮಾವನ ಕೂಗು, ಅಡಿಕೆ ಆರಿಸುವ ಆಳುಗಳ ಊಟ. ಅದರ ನಡುವೆ ಆ ಒಂದು ಗಳಿಗೆ ಅವರದು.

ನಾಲ್ಕನೇ ದಿನ ನನ್ನನ್ನೂ ಕರೆದರು. "ಬಾರವ್ವ, ಮುಟ್ಟು. ಹೆದರಬ್ಯಾಡ, ಒಳ್ಳೇದೈತೆ." ಸ್ನಾನ ಮಾಡಿ ಬಂದಿದ್ದೆ, ಕೈ ಒದ್ದೆಯಿತ್ತು. ಮುಟ್ಟಿದೆ. ಬೆರಳ ತುದಿಯಿಂದ ಹಿಡಿದು ಒಳಗೆಲ್ಲ ಇರುವೆ ಹರಿದ ಹಾಗಾಯಿತು. ಸೈನ್ಸ್ ಓದಿದವಳು ನಾನು, ಸರ್ಕೀಟಿನ ಚಿತ್ರ ಬರೆದು ಪಾಸಾದವಳು. ಆದರೂ ಕೈ ತೆಗೆದು ಮುಗಿದುಬಿಟ್ಟೆ. ಇದನ್ನು ಬರೆಯಲು ನಾಚಿಕೆಯಿಲ್ಲ. ಆ ಗಳಿಗೆ ನಿಜವಾಗಿಯೂ ನಂಬಿದೆ.

ಮರುದಿನ ಬೆಳಿಗ್ಗೆ ಕರೆಂಟು ಹೋಗಿತ್ತು. ಅತ್ತೆಯ ಹಿಂದೆಯೇ ಹೋಗಿ ನಾನೂ ಸರಪಳಿ ಮುಟ್ಟಿದೆ. ಏನೂ ಇಲ್ಲ. ತಲೆ ಎತ್ತಿ ನೋಡಿದರೆ ಕೊಂಡಿಯ ಪಕ್ಕದಲ್ಲೇ, ಸುಣ್ಣ ಮೆತ್ತಿದ ಮರದ ಪಟ್ಟಿ ದೇವರ ಬಲ್ಬಿನ ಕಡೆಗೆ ಹೋಗುತ್ತಿತ್ತು. ಅಲ್ಲಿಗೆ ನನ್ನ ಭಕ್ತಿ ಇಳಿಯಿತು, ಭಯ ಉಳಿಯಿತು.

ಯಾರಿಗೆ ಹೇಳಲಿ? ನಮ್ಮನೆಯವರು ಹೊನ್ನಾಳಿಯಲ್ಲಿ ಮೇಷ್ಟರು, ವಾರಕ್ಕೊಮ್ಮೆ ಬರುವವರು. ಅವರಿಗೆ ಹೇಳಿದೆ. "ಅಮ್ಮನ ಮುಂದೆ ಹೇಳಾಕೆ ನಿನಗೆ ಧೈರ್ಯ ಐತಾ? ನನಗಂತೂ ಇಲ್ಲ" ಎಂದು ನಕ್ಕು ಮಗ್ಗುಲಾದರು. ಮಾವನಿಗೆ ಹೇಳುವ ಮಾತೇ ಇರಲಿಲ್ಲ. ಅವರಿಗೆ ಆಗಲೇ ಈ ವಿಷಯದಲ್ಲಿ ದೇವರ ಮೇಲೆ ಸಿಟ್ಟಿತ್ತು. ಅವರು ಮಣೆಯ ಮೇಲೆ ಕೂತು ಲಿಂಗಪೂಜೆ ಮಾಡುವವರು. ಅತ್ತೆ ಹೇಳಿದ್ದು ಕೇಳಿ, ಕೂತಲ್ಲಿಂದಲೇ ಕೈ ಚಾಚಿ ಸರಪಳಿ ಹಿಡಿದು ನೋಡಿದ್ದರು. ಒಣಗಿದ ಹಲಸಿನ ಮಣೆ, ಕರೆಂಟು ಅದನ್ನು ದಾಟಿ ನೆಲ ಸೇರುವುದು ಹೇಗೆ? "ನನಗ್ಯಾಕೆ ಆಗಂಗಿಲ್ಲ? ಮೂವತ್ತು ವರ್ಷದಿಂದ ಪೂಜೆ ಮಾಡೋನು ನಾನು, ಜುಮ್ಮು ಆಕೆಗಾ?" ಎಂದು ಗೊಣಗುತ್ತಿದ್ದರು. ಯಾರೂ ಇಲ್ಲದ ಹೊತ್ತಿನಲ್ಲಿ ಮತ್ತೆ ಮತ್ತೆ ಸರಪಳಿ ಹಿಡಿದು ನೋಡುವುದನ್ನು ನಾನೇ ಬಾಗಿಲ ಸಂದಿಯಿಂದ ಕಂಡಿದ್ದೇನೆ. ಪ್ರತಿ ಸಲವೂ ಮಣೆಯ ಮೇಲೆ ಕೂತೇ.

ಹೆಂಗಸರು ಬರತೊಡಗಿದರು. ಮೊದಲು ಪಕ್ಕದ ಮನೆಯವರು, ಆಮೇಲೆ ಹಿಂದಿನ ಬೀದಿಯವರು. ಕೆರೆಬಿಳಚಿಯಿಂದ ಬಸ್ಸಿನಲ್ಲಿ ಬಂದ ಬೀಗರ ಕಡೆಯ ಒಬ್ಬ ಅಜ್ಜಿ, ಸರಪಳಿ ಮುಟ್ಟಿ ತನ್ನ ಕೀಲುನೋವು ಹೋಯಿತು ಎಂದಳು. ಅತ್ತೆ ಎಲ್ಲರಿಗೂ ಕೈಕಾಲು ತೊಳೆದು ಬರಲು ಹೇಳುತ್ತಿದ್ದರು. ಒದ್ದೆ ಕೈ, ಒದ್ದೆ ಕಾಲು, ಒದ್ದೆ ನೆಲ. ನಾನು ಅಡುಗೆಮನೆಯಲ್ಲಿ ನಿಂತು ಉಸಿರು ಬಿಗಿಹಿಡಿದು ಎಣಿಸುತ್ತಿದ್ದೆ. ಒಬ್ಬೊಬ್ಬರೂ ನಗುತ್ತಾ ಹೊರಗೆ ಬಂದ ಮೇಲೆ ಉಸಿರು ಬಿಡುತ್ತಿದ್ದೆ. ಬಾಯಲ್ಲಿ ಬಿಸಿತುಪ್ಪ, ನುಂಗಲಾರೆ ಉಗುಳಲಾರೆ. ನನ್ನ ಪುಕ್ಕಲುತನಕ್ಕೆ ನಾನೇ ವಿನಯ ಎಂದು ಹೆಸರಿಟ್ಟುಕೊಂಡಿದ್ದೆ. ಹೊಸ ಸೊಸೆ, ಬಾಯಿ ಬಿಡಬಾರದು, ಅಷ್ಟೇ.

ಮುಂದಿನ ವರ್ಷ ಜಗಳೂರಿನಲ್ಲಿ ಬಾಣಂತನ ಮುಗಿಸಿಕೊಂಡು ಐದು ತಿಂಗಳ ಮಗಳನ್ನು ಎತ್ತಿಕೊಂಡು ಚನ್ನಗಿರಿಗೆ ಬಂದೆ. ಆಷಾಢದ ಮಳೆ ಬಿಡದೆ ಹೊಡೆದಿತ್ತು. ದೇವರ ಕೋಣೆಯ ತೊಲೆಯ ಮೇಲೆ ತೇವದ ಕಲೆ ಹರಡಿತ್ತು. ಸರಪಳಿ ಹಿಡಿದಾಗ ಅತ್ತೆಯ ಕೈ ಈಗ ಜುಂ ಎನ್ನುತ್ತಿರಲಿಲ್ಲ, ಜಗ್ಗಿದಂತೆ ಎಳೆಯುತ್ತಿತ್ತು. "ಶಕ್ತಿ ಹೆಚ್ಚಾಗೈತೆ" ಎಂದರು. ಆಮೇಲೆ ಮಗುವಿನ ಕೆನ್ನೆ ಸವರಿ, "ಶ್ರಾವಣದ ಮೊದಲ ಸೋಮವಾರ ಈಕೀಗೂ ಮುಟ್ಟಿಸ್ಬೇಕು" ಎಂದರು.

ಆ ಸೋಮವಾರದವರೆಗೆ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಮಗುವಿಗೆ ಜ್ವರ ಎನ್ನಲೇ, ತವರಿಗೆ ಹೋಗಬೇಕು ಎನ್ನಲೇ ಎಂದು ಸುಳ್ಳುಗಳನ್ನು ಜೋಡಿಸುತ್ತಿದ್ದೆ. ಇಷ್ಟು ಸುಳ್ಳು ಜೋಡಿಸಬಲ್ಲವಳಿಗೆ ಒಂದು ನಿಜ ಹೇಳಲು ಬಾರದು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಸೋಮವಾರ ಬೆಳಿಗ್ಗೆ ಅತ್ತೆ ಕಾಲು ಚಾಚಿ ಕೂತು, ಕಾಲ ಮೇಲೆ ಮಗುವನ್ನು ಹಾಕಿಕೊಂಡು ಎರೆದರು. ಒರೆಸಿಯೂ ಒರೆಸದ ಹಾಗೆ ಎತ್ತಿಕೊಂಡು ದೇವರ ಕೋಣೆಗೆ ನಡೆದರು. ಎರೆದ ನೀರು ಅವರ ಸೀರೆಯಿಂದ ತೊಟ್ಟಿಕ್ಕುತ್ತಿತ್ತು. ನಾನು ಹಿಂದೆಯೇ ಓಡಿದೆ. ಅತ್ತೆ ಮಗುವಿನ ಮುಷ್ಟಿ ಬಿಡಿಸಿ, ಪುಟ್ಟ ಬೆರಳುಗಳನ್ನು ಹಿಡಿದು, ಸರಪಳಿಯ ಹತ್ತಿರ ತಂದರು. ಅಲ್ಲಿಯೇ ನಿಂತರು. ನನ್ನ ಕಡೆಗೆ ತಿರುಗಿದರು.

"ನೀನು ಓದಿದಾಕಿ. ಹೇಳು. ಮುಟ್ಟಿಸ್ಲೋ, ಬ್ಯಾಡೋ?"

ಅತ್ತೆ ನನ್ನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು. ಉಪ್ಪು ಸಾಕೋ ಬೇಕೋ ಎಂದೂ ಕೇಳಿದವರಲ್ಲ.

"ಬ್ಯಾಡ್ರೀ ಅತ್ತೆ" ಎಂದೆ. "ಅದು ದೇವರಲ್ಲ. ಕರೆಂಟು."

ಅವರು ಮಗುವನ್ನು ನನ್ನ ಕೈಗೆ ಕೊಟ್ಟರು. ನಾನು ಬೇಡ ಬೇಡ ಎನ್ನುತ್ತಿದ್ದರೂ ತಿರುಗಿ ಸರಪಳಿ ಹಿಡಿದು ದೀಪಕ್ಕೆ ಎಣ್ಣೆ ಹಾಕಿದರು. ಭುಜದವರೆಗೆ ಕೈ ಅದುರಿತು, ಎಣ್ಣೆ ಚೆಲ್ಲಿತು. ಪೂಜೆ ಮುಗಿಸಿ ಹೊರಗೆ ಬಂದು ಮಾವನಿಗೆ ಹೇಳಿದರು, "ವೈರ್‌ಮನ್ನನ್ನ ಕರೆಸ್ರಿ."

ನಮ್ಮನೆಯವರು ಹೊನ್ನಾಳಿಯಿಂದ ಒಬ್ಬ ಹಿರಿಯರನ್ನು ಕರೆದುಕೊಂಡು ಬಂದರು. ಲೈನಿನ ಕೆಲಸ ಮಾಡಿ ನಿವೃತ್ತರಾದವರು. ಬಲ ಅಂಗೈಯಲ್ಲಿ ಹಳೆಯ ಸುಟ್ಟ ಗಾಯದ ಗುರುತಿತ್ತು. ದೇವರ ಕೋಣೆಯ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟರು. ಒಳಗೆ ಕಾಲಿಡುವ ಮೊದಲು, "ಯಜಮಾನ್ರೇ, ನಿಮ್ಮ ಮಣೆ ಕೊಡ್ರಿ. ಅದರ ಮ್ಯಾಲೆ ನಿಂತ್ಕೊಂತೀನಿ" ಎಂದರು. ಪೂಜೆಯ ಮಣೆಯ ಮೇಲೆ ಕಾಲಿಡುವುದೇ? ಮಾವ ಮುಖ ಗಂಟು ಹಾಕಿದರು. ಅತ್ತೆಯೇ ಹೋಗಿ ಮಣೆ ತಂದು ಇಟ್ಟರು. ಆ ಹಿರಿಯರು ಅದಕ್ಕೆ ನಮಸ್ಕಾರ ಮಾಡಿ ಹತ್ತಿದರು.

ಟೆಸ್ಟರನ್ನು ಸರಪಳಿಗೆ ತಾಕಿಸಿದರು. ಅದರ ಹೊಟ್ಟೆಯೊಳಗೆ ಕೆಂಪಗೆ ಒಂದು ಹೊಳಪು ಹತ್ತಿಕೊಂಡಿತು.

ಆ ಬೆಳಕನ್ನು ನಾನು ಇವತ್ತಿಗೂ ಮರೆತಿಲ್ಲ. ಜೋಳದ ಕಾಳಿನಷ್ಟು ಇತ್ತು, ಅಷ್ಟೇ. ಕಣ್ಣಿಗೆ ಕಾಣದೆ ಮೂರು ನಾಲ್ಕು ವರ್ಷ ನಮ್ಮ ಮನೆಯಲ್ಲಿ ಓಡಾಡಿಕೊಂಡಿದ್ದದ್ದು ಮೊದಲ ಸಲ ಮುಖ ತೋರಿಸಿತ್ತು. ಅತ್ತೆ ಹತ್ತಿರ ಬಂದು ಬಗ್ಗಿ ನೋಡಿದರು. "ಇನ್ನೊಂದ್ಸಲ ಮಾಡ್ರಿ" ಎಂದರು. ಅವರು ಮಾಡಿದರು. "ಇನ್ನೊಂದ್ಸಲ." ಮತ್ತೆ ಮಾಡಿದರು. ಆ ಮನುಷ್ಯನಿಗೆ ಬೇಸರವೂ ಇಲ್ಲ, ನಗುವೂ ಇಲ್ಲ. ಅದಕ್ಕೆ ನಾನು ಇವತ್ತಿಗೂ ಋಣಿ.

"ಇದು ಇಷ್ಟು ದಿನ ನನ್ನ ಮೈಯಾಗೆ ಹಾದು ಹೋಗೈತಾ?" ಅತ್ತೆ ಕೇಳಿದರು.

"ಹೋಗೈತ್ರೀ ಅಮ್ಮ. ಕೈಯಿಂದ ಹೊಕ್ಕು ಕಾಲಿಂದ ನೆಲಕ್ಕೆ."

"ನೆಲದಿಂದ ಎಲ್ಲಿಗೆ?"

"ಭೂಮಿಗೆ. ಇದಕ್ಕೆ ಹ್ಯಾಂಗಾದ್ರೂ ಮಾಡಿ ಭೂಮಿ ಸೇರ್ಬೇಕು ಅಷ್ಟೇ ರೀ. ದಾರಿ ಕೊಟ್ರೆ ಕೊಟ್ಟ ದಾರಿಯಾಗೆ ಹೋಗ್ತೈತೆ. ಕೊಡಲಿಲ್ಲ ಅಂದ್ರೆ ಮನುಷ್ಯರ ಮೈಯಾಗೇ ದಾರಿ ಮಾಡ್ಕೊಂತೈತೆ."

ಮೇನ್ ಆರಿಸಿ ಮರದ ಪಟ್ಟಿ ಬಿಚ್ಚಿದರು. ವೈರಿನ ಹೊದಿಕೆ ಸುಟ್ಟ ಹಪ್ಪಳದಂತೆ ಕೈಯಲ್ಲೇ ಪುಡಿಯಾಯಿತು. ಬಡಗಿ ಹೊಡೆದ ಕೊಂಡಿಯ ಚೂಪು ತುದಿ ತೊಲೆಯೊಳಗಿಂದ ಓರೆಯಾಗಿ ಹೋಗಿ ಪಟ್ಟಿಯನ್ನು ಚುಚ್ಚಿತ್ತು. ವೈರಿಗೂ ಅದಕ್ಕೂ ನಡುವೆ ಒಂದಿಷ್ಟು ಕೊಳೆತ ಮರ ಉಳಿದಿತ್ತು. ಅಷ್ಟು ವರ್ಷ ಅತ್ತೆಯ ಜೀವ ಉಳಿಸಿದ್ದು ಆ ಮರದ ಚೂರು. "ಇದೊಂದು ಮಳೆಗಾಲ ಕಳೀತಿರಲಿಲ್ಲ" ಎಂದು ವೈರ್‌ಮನ್ ತಮ್ಮಷ್ಟಕ್ಕೆ ತಾವೇ ಎಂಬಂತೆ ಹೇಳಿದರು. ನಾನು ಮಗುವನ್ನು ಎದೆಗೆ ಒತ್ತಿಕೊಂಡೆ.

ಆಮೇಲೆ ಫ್ಯೂಸು ತೆಗೆದು ನೋಡಿದರು. ಒಳಗೆ ತೆಳು ತಂತಿಯ ಬದಲು ದಪ್ಪ ತಾಮ್ರದ ಎಳೆಗಳನ್ನು ಹುರಿ ಮಾಡಿ ಕಟ್ಟಿತ್ತು. ಮಾವ ಹೆಮ್ಮೆಯಿಂದ, "ಪದೇ ಪದೇ ಹಾರ್ತಿತ್ತು. ಹಾರದಂಗೆ ನಾನೇ ಹಾಕೀನಿ" ಎಂದರು.

"ಯಜಮಾನ್ರೇ, ಅದು ಹಾರಬೇಕ್ರಿ. ಹಾರಾಕೇ ಇಟ್ಟಿರೋದು."

ಮಾವ ಜೇಬಿಗೆ ಕೈ ಹಾಕಿ ಹೊಸ ತಂತಿಗೆ ದುಡ್ಡು ತೆಗೆದರು. ಅವರು ಒಂದು ಮಾತಿಗೆ ಸುಮ್ಮನಾದದ್ದನ್ನು ನಾನು ಆ ಮನೆಯಲ್ಲಿ ಕಂಡದ್ದೇ ಕಡಿಮೆ.

ಒಂದು ವಾರ ಕೆಲಸ ನಡೆಯಿತು. ಇಡೀ ಮನೆಯ ಹಳೇ ವೈರು ಕಿತ್ತು ಹೊಸ ವೈರು ಎಳೆದರು, ಹೊಸ ಮೇನ್ ಬೋರ್ಡು ಕೂರಿಸಿದರು, ದೀಪದ ಕೊಂಡಿಯನ್ನು ದೂರದ ತೊಲೆಗೆ ಹಾಕಿದರು. ಕೊನೆಗೆ ಹಿತ್ತಲಲ್ಲಿ, ಬಚ್ಚಲ ಗೋಡೆಯ ಆಚೆ, ಆಳುದ್ದ ಗುಂಡಿ ತೋಡಿಸಿದರು. ಅದರೊಳಗೆ ತಾಮ್ರದ ತಗಡು ಇಳಿಸಿ, ಒಂದು ಪದರ ಇದ್ದಿಲು, ಒಂದು ಪದರ ಕಲ್ಲುಪ್ಪು, ಮತ್ತೆ ಇದ್ದಿಲು, ಮತ್ತೆ ಉಪ್ಪು ಹಾಕಿಸಿದರು. ಮನೆಯ ಕರೆಂಟು ಎಲ್ಲೇ ದಾರಿ ತಪ್ಪಿದರೂ ತಂತಿ ಹಿಡಿದು ಬಂದು ಈ ತಗಡಿನಿಂದ ಭೂಮಿಗೆ ಇಳಿಯುತ್ತದಂತೆ, ಇದಕ್ಕೆ ಅರ್ಥಿಂಗು ಎನ್ನುತ್ತಾರಂತೆ. ಅಷ್ಟು ದಿನ ಮಾತು ಬಿಟ್ಟು ಓಡಾಡುತ್ತಿದ್ದ ಅತ್ತೆ ಅಲ್ಲಿಗೆ ಬಂದು ನಿಂತರು. ಬಚ್ಚಲ ಒಲೆಯ ಇದ್ದಿಲನ್ನು ತಾವೇ ಮೊರದಲ್ಲಿ ತಂದು ಸುರಿದರು.

"ಎಷ್ಟು ಹೋದ್ರೂ ತುಂಬಂಗಿಲ್ಲೇನು?" ಗುಂಡಿಯೊಳಗೆ ಬಗ್ಗಿ ನೋಡುತ್ತಾ ಕೇಳಿದರು.

"ಭೂಮಿ ರೀ ಅಮ್ಮ. ಮ್ಯಾಲಿಂದ ಸಿಡಿಲು ಬಿದ್ರೇ ನುಂಗ್ತೈತೆ. ನಿಮ್ಮನೀದು ಯಾವ ಲೆಕ್ಕ?" ಎಂದ ವೈರ್‌ಮನ್, ಆಮೇಲೆ ಒಂದು ಮಾತು ಸೇರಿಸಿದರು. "ಆದ್ರೆ ಒಣಗಾಕೆ ಬಿಡಬ್ಯಾಡ್ರಿ. ಒಣಗಿದ್ರೆ ತಗಳ್ಳಂಗಿಲ್ಲ. ಬ್ಯಾಸಿಗ್ಯಾಗೆ ದಿನಾ ಒಂದು ಚೊಂಬು ನೀರು ಹಾಕ್ರಿ."

ಹೆಂಗಸರು ಮತ್ತೆ ಬಂದರು. ಅತ್ತೆ ಬಾಗಿಲಲ್ಲೇ ನಿಂತು, "ಅದು ಕರೆಂಟು ಕಣ್ರೇ. ಎಲ್ಲಾರೂ ಸಾಯ್ತಿದ್ವಿ" ಎಂದು ಹೇಳಿ ಕಳಿಸಿದರು. ಕೆರೆಬಿಳಚಿಯ ಅಜ್ಜಿ ನಂಬಲಿಲ್ಲ. "ಜಗಳೂರು ಸೊಸೆ ಬಂದು ದೇವರನ್ನ ಓಡಿಸಿದ್ಲು" ಎಂದು ಬಸ್‌ಸ್ಟ್ಯಾಂಡಿನವರೆಗೂ ಹೇಳಿಕೊಂಡು ಹೋದಳಂತೆ. ಮತ್ತೆ ಕೀಲು ಹಿಡಿಯಿತು ಎಂದೂ ಸುದ್ದಿ ಬಂತು.

ಆ ಕಾರ್ತೀಕದಲ್ಲಿ ಒಂದು ಮಧ್ಯಾಹ್ನ ನಾನೂ ಅತ್ತೆಯೂ ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆವು. ಮಗು ಪಕ್ಕದಲ್ಲಿ ಸಿಪ್ಪೆ ಹರಡುತ್ತಿತ್ತು. ಅತ್ತೆ ತಲೆ ಎತ್ತದೆ, "ನನಗೂ ಗೊತ್ತಿತ್ತು" ಎಂದರು.

ನನಗೆ ಮೊದಲು ಅರ್ಥವಾಗಲಿಲ್ಲ.

"ಕರೆಂಟು ಹೋದ ದಿನ ಜುಂ ಅಂತಿರಲಿಲ್ಲ. ನನಗೇನು ಅಷ್ಟೂ ತಿಳಿಯಂಗಿಲ್ಲೇನು? ಮೊದಲನೇ ವರ್ಷಾನೇ ತಿಳಿದಿತ್ತು."

"ಹಂಗಾದ್ರೆ ಯಾಕತ್ತೆ ಸುಮ್ಮನಿದ್ರಿ?"

ಅವರು ನಾಲ್ಕು ಕಾಯಿ ಸುಲಿದರು. "ಹದಿಮೂರು ವರ್ಷಕ್ಕೆ ಈ ಮನೀಗೆ ಬಂದೆ. ನಲವತ್ತು ವರ್ಷ ದೀಪ ಹಚ್ಚೀನಿ. ಒಂದಿನನಾದ್ರೂ ಆ ಕಡಿಂದ ಓ ಅಂದಿದ್ದಿಲ್ಲ. ದೇವರೂ ಇಲ್ಲ, ಈ ಮನೀ ಮಂದೀನೂ ಇಲ್ಲ. ಅದೊಂದು ಓ ಅಂತಿತ್ತು. ಏನಾರ ಇರ್ಲಿ ಬಿಡು ಅಂದ್ಕೊಂಡೆ." ಕಾಳುಗಳನ್ನು ಮೊರದಲ್ಲಿ ಒಂದು ಕಡೆ ತಳ್ಳಿದರು. "ಬಂದೋರು ಮುಟ್ಟಿದಾಗ ಏನೂ ಆಗ್ಲಿಲ್ಲ, ಆಗಂಗಿಲ್ಲ ಅಂದ್ಕೊಂಡೆ. ಈ ಕೂಸನ್ನ ಎತ್ಕೊಂಡು ಹೋದಾಗ ಮಾತ್ರ ನನ್ನ ಕೈ ಮುಂದಕ್ಕೆ ಹೋಗ್ಲಿಲ್ಲ ನೋಡು."

ಜೀವಕ್ಕೆ ಅಪಾಯ ಎಂದು ಗೊತ್ತಿದ್ದೂ ಒಬ್ಬ ಹೆಂಗಸು ದಿನಾ ಬೆಳಿಗ್ಗೆ ಅದನ್ನು ಹಿಡಿದದ್ದು, ಕರೆದರೆ ಒಂದು ಉತ್ತರ ಬರುತ್ತದೆ ಎಂಬಷ್ಟಕ್ಕೆ. ನಾನು ಆ ಮನೆಯಲ್ಲಿ ಎರಡು ವರ್ಷದಿಂದ ಇದ್ದೆ. ನಾನಾದರೂ ಎಷ್ಟು ಸಲ ಓ ಅಂದಿದ್ದೆ? ಅಳು ಬಂತು. ಸಿಪ್ಪೆ ಆರಿಸುವ ನೆಪದಲ್ಲಿ ಅತ್ತ ತಿರುಗಿದೆ.

ಅತ್ತೆ ದೀಪ ಹಚ್ಚುವುದು ಬಿಡಲಿಲ್ಲ. ಅದರ ಜೊತೆಗೆ ಇನ್ನೊಂದು ಶುರು ಮಾಡಿದರು. ಪೂಜೆಯ ನೀರನ್ನು ಯಾರೂ ತುಳಿಯದ ಕಡೆ ಚೆಲ್ಲಬೇಕಲ್ಲ. ಅಲ್ಲಿಯವರೆಗೆ ದಾಸವಾಳದ ಬುಡಕ್ಕೆ ಹಾಕುತ್ತಿದ್ದದ್ದನ್ನು ಹಿತ್ತಲ ಗುಂಡಿಗೆ ಹಾಕತೊಡಗಿದರು. ವೈರ್‌ಮನ್ ಹೇಳಿದ್ದು ಬೇಸಿಗೆಗೆ ಮಾತ್ರ. ಇವರು ಮಳೆ ಸುರಿಯುವಾಗಲೂ ಸೆರಗು ತಲೆ ಮೇಲೆ ಹಾಕಿಕೊಂಡು ಹೋಗಿ ಒಂದು ಚೊಂಬು ಹಾಕಿ ಬರುತ್ತಿದ್ದರು. "ಮಳೆ ನೀರಿಗೆ ನಿಮ್ಮ ನೀರು ಕಡಿಮೆ ಆಯ್ತಾ ಅತ್ತೆ?" ಎಂದು ನಾನು ಕೆಣಕುತ್ತಿದ್ದೆ. ಅಷ್ಟು ಕೆಣಕುವ ಸಲಿಗೆ ಅಷ್ಟರಲ್ಲಿ ಬಂದಿತ್ತು. ಅವರು ಖಾಲಿ ಚೊಂಬನ್ನು ನನ್ನ ಕೈಗಿಟ್ಟು ಹೋಗುತ್ತಿದ್ದರು.

ಮಗಳಿಗೆ ಏಳು ವರ್ಷವಾಗಿತ್ತು. ಬಚ್ಚಲಿಗೆ ಕರೆಂಟಿನಲ್ಲಿ ನೀರು ಕಾಯಿಸುವ ತಾಮ್ರದ ಬಾಯ್ಲರ್ ಬಂದಿತ್ತು. ಬಿರುಬೇಸಿಗೆ, ಬಾವಿಯ ನೀರೂ ತಳ ಹಿಡಿದಿತ್ತು. ಸ್ಕೂಲಿನಲ್ಲಿ ಏನೋ ಕಾರ್ಯಕ್ರಮವೆಂದು ಅವಳು ಬೆಳಿಗ್ಗೆ ಬೇಗ ಸ್ನಾನಕ್ಕೆ ಹೋದಳು. ತಲೆಗೆ ನೀರು ಹಾಕಿಕೊಂಡು, ಇನ್ನೊಂದು ಚೊಂಬು ಹಿಡಿಯಲು ಬಾಯ್ಲರಿನ ನಲ್ಲಿಗೆ ಕೈ ಹಾಕಿದಳು. ಅದೇ ಗಳಿಗೆಗೆ ಮೇನ್ ಬೋರ್ಡಿನಲ್ಲಿ ಟಪ್ಪೆಂದು ಸದ್ದಾಯಿತು. ಬಚ್ಚಲ ದೀಪ ಆರಿತು. "ಅಮ್ಮಾ, ನಲ್ಲಿ ಚುರುಕ್ ಅಂತು" ಎಂದು ಕೂಗುತ್ತಾ ಮಗಳು ಸೋಪಿನ ನೊರೆಯಲ್ಲೇ ಹೊರಗೆ ಓಡಿಬಂದಳು. ಏನೂ ಆಗಿರಲಿಲ್ಲ. ನಾನು ಅವಳ ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡಿದೆ. ಅತ್ತೆ ಸರಪಳಿಯ ಹತ್ತಿರ ತಂದು ನಿಲ್ಲಿಸಿದ್ದ ಬೆರಳುಗಳು ಅವೇ.

ಊರಿನ ಹುಡುಗನೊಬ್ಬ ಬಂದು ಬಾಯ್ಲರ್ ಬಿಚ್ಚಿದ. ಒಳಗಿನ ಕಾಯಿಲ್ ಒಡೆದು ಇಡೀ ಹಂಡೆಗೆ ಕರೆಂಟು ಬಂದಿತ್ತಂತೆ. ಅರ್ಥಿಂಗಿನಲ್ಲಿ ಇಳಿದು ಹೋಗಿದ್ದಕ್ಕೆ ಫ್ಯೂಸು ಹಾರಿತಂತೆ. "ಬ್ಯಾಸಿಗ್ಯಾಗೂ ನಿಮ್ಮ ಅರ್ಥಿಂಗು ಇಷ್ಟು ಚೆನ್ನಾಗಿ ಕೆಲಸ ಮಾಡೈತಲ್ರೀ, ಗುಂಡಿ ಒಣಗೇ ಇಲ್ಲ. ಇಲ್ದಿದ್ರೆ..." ಎಂದು ಮಗಳ ಮುಖ ನೋಡಿ ನಿಲ್ಲಿಸಿದ.

ಅತ್ತೆ ಎಲ್ಲ ಕೇಳಿಸಿಕೊಂಡು ಕಂಬಕ್ಕೆ ಒರಗಿ ಕೂತಿದ್ದರು. ಆ ದಿನದ ನೀರನ್ನು ಬೆಳಗಾಗುತ್ತಲೇ ಹಾಕಿ ಬಂದಿದ್ದರು. ಆದರೂ ಎದ್ದು, ಮಂಡಿ ಹಿಡಿದುಕೊಂಡು, ಕೊಡದಿಂದ ಇನ್ನೊಂದು ಚೊಂಬು ಬಗ್ಗಿಸಿಕೊಂಡು ಹಿತ್ತಲಿಗೆ ನಡೆದರು. ನಾನು ಮಗಳ ಕೈ ಹಿಡಿದು ಹಿಂದೆಯೇ ಹೋದೆ. ಗುಂಡಿಯ ಮೇಲೆ ನಿಧಾನವಾಗಿ ನೀರು ಸುರಿದರು. ಸುರಿದಷ್ಟೂ ಮಣ್ಣು ಕುಡಿಯಿತು. ಖಾಲಿ ಚೊಂಬನ್ನು ಎಂದಿನಂತೆ ನನ್ನ ಕೈಗಿಟ್ಟರು.

"ಇವತ್ತು ಓ ಅಂತು ನೋಡವ್ವ" ಎಂದರು.